ತೋಟಾ ತುಂಬುವ ಮಡಿ

ಶಾಸ್ತ್ರಗ್ರಂಥಗಳನ್ನು ಬರೆದ ಹಿರಿಯರು ಆರಂಭದಲ್ಲಿಯೇ ನಾಲ್ಕು ಸಂಗತಿಗಳನ್ನು ತಿಳಿಸಿ ಮುಂದುವರಿಯುತ್ತಿದ್ದರು: ಗ್ರಂಥದ ವಿಷಯವೇನು, ಅದರ ಪ್ರಯೋಜನವೇನು, ಇವೆರಡಕ್ಕೂ ಇರುವ ಸಂಬಂಧವೇನು, ಅದಕ್ಕೆ ಅಧಿಕಾರಿ ಯಾರು ಎಂದು. ಈ ಕ್ರಮವನ್ನು ಅನುಸರಿಸುವುದಾದರೆ ನನಗೆ ಮೊದಲ ಹೆಜ್ಜೆಯಲ್ಲಿಯೇ ತೊಡಕು. ಪ್ರಕೃತ ಲೇಖನದ ವಿಷಯವು ಬಂದೂಕಿನ ತೋಟಾ. ಬರೆಯುವವನೋ, ಮೂವತ್ತೈದು ವರ್ಷ ಹಳ್ಳಿಯ ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತನಾದ ಸಂಸ್ಕೃತದ ಉಪಾಧ್ಯಾಯ. ದೀಪಾವಳಿಯ ಪಟಾಕಿಗೂ ಮಾರುದೂರ ನಿಲ್ಲುವ ಪುಕ್ಕಲ. ಅಧಿಕಾರವಿಲ್ಲವೆಂಬುದನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇನೆ. ಪ್ರಯೋಜನವುಂಟೋ ಇಲ್ಲವೋ ಎಂಬುದನ್ನು ಕೊನೆಯಲ್ಲಿ ಓದುಗರೇ ಹೇಳಬೇಕು.

ಕಳೆದ ವರ್ಷ ಮಗಳ ಬಾಣಂತನದ ನಿಮಿತ್ತ ನಾನೂ ನನ್ನ ಮನೆಯವರೂ ಅಮೆರಿಕಾ ದೇಶಕ್ಕೆ ಹೋಗಿ, ಪೆನ್ಸಿಲ್ವೇನಿಯಾ ಪ್ರಾಂತದ ಒಂದು ಸಣ್ಣ ಊರಿನಲ್ಲಿ ಕೆಲವು ತಿಂಗಳು ಇರಬೇಕಾಯಿತು. ಬಾಣಂತಿಯ ಮನೆಯಲ್ಲಿ ಅಜ್ಜಿಗೆ ಹಗಲಿರುಳೂ ಕೆಲಸ. ಅಜ್ಜನಿಗೆ ಅಡ್ಡ ಬಾರದೆ ಇರುವುದೇ ಕೆಲಸ. ಆ ಕೆಲಸವನ್ನು ಚೆನ್ನಾಗಿ ನಿರ್ವಹಿಸುವ ಸಲುವಾಗಿ ನಾನು ಹಿತ್ತಿಲಲ್ಲಿ ಅಡ್ಡಾಡುತ್ತಿದ್ದಾಗ ಬೇಲಿಯಾಚೆಯ ಮನೆಯ ವೃದ್ಧರ ಪರಿಚಯವಾಯಿತು. ಅವರಿಗೆ ಎಪ್ಪತ್ತೈದರ ಆಸುಪಾಸಿನ ವಯಸ್ಸು. ಒಂದು ಕಾರ್ಖಾನೆಯಲ್ಲಿ ಲೇತಿನ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರ ಹಿತ್ತಿಲಿನಲ್ಲಿ ಒಂದು ಮರದ ಕೊಠಡಿ. ಪ್ರತಿದಿನ ಸಂಜೆ ಏಳು ಗಂಟೆಗೆ ಅದರಲ್ಲಿ ದೀಪ ಹತ್ತುವುದು, ಒಂಬತ್ತಕ್ಕೆ ಆರುವುದು. ನಾನು ಮೊದಲು, ಪಾಪ, ಒಂಟಿ ಮನುಷ್ಯರು, ದೇವರ ಪ್ರಾರ್ಥನೆ ಮಾಡುತ್ತಾರೆಂದು ಭಾವಿಸಿದ್ದೆ. ಒಂದು ದಿನ ಅವರೇ ಒಳಕ್ಕೆ ಕರೆದರು. ನೋಡಿದರೆ ಅದು ತೋಟಾ ತುಂಬುವ ಕೊಠಡಿ!

ಇದೇನು ಅಪರಾಧದ ಕೆಲಸವೋ ಎಂದು ಓದುಗರು ಬೆದರಬಾರದು. ನಮ್ಮ ದೇಶದಲ್ಲಿ ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನೆಯಿಲ್ಲದೆ ತೋಟಾ ತಯಾರಿಸುವುದು ಅಪರಾಧವೇ ಸರಿ. ಆ ದೇಶದಲ್ಲಿ ಸ್ವಂತ ಉಪಯೋಗಕ್ಕೆ ತುಂಬಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಅನೇಕರಿಗೆ ಅದೊಂದು ಹವ್ಯಾಸ. ಈ ವೃದ್ಧರು ಮೃಗಗಳನ್ನು ಹೊಡೆಯುವುದನ್ನು ಬಿಟ್ಟು ಬಹುಕಾಲವಾಯಿತಂತೆ. ಈಗ ಕಾಗದವೇ ಅವರ ಮೃಗ. ಶನಿವಾರ ಊರ ಹೊರಗಿನ ಬಯಲಿಗೆ ಹೋಗಿ, ಇನ್ನೂರು ಮುನ್ನೂರು ಗಜ ದೂರದಲ್ಲಿ ನೆಟ್ಟ ಕಾಗದದ ಮೇಲೆ ಹತ್ತು ರಂಧ್ರಗಳನ್ನು ಆದಷ್ಟು ಒಂದೇ ಜಾಗದಲ್ಲಿ ಮಾಡಿ ಹಿಂದಿರುಗುವುದು. ವಾರದ ಉಳಿದ ಸಂಜೆಗಳಲ್ಲಿ ಆ ಹತ್ತು ರಂಧ್ರಗಳಿಗೆ ಸಿದ್ಧತೆ ಮಾಡುವುದು.

ಮಲೆನಾಡಿನಲ್ಲಿ ಬೆಳೆದವನಾದ ನನಗೆ ಕೋವಿ ಹೊಸದಲ್ಲ. ನನ್ನ ದೊಡ್ಡಪ್ಪ ಹಂದಿಯ ಕಾಟದಿಂದ ಗದ್ದೆಯನ್ನು ಕಾಯಲು ಒಂದು ಕೇಪಿನ ಕೋವಿಯನ್ನು ಇಟ್ಟುಕೊಂಡಿದ್ದರು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರನ್ನು ತುರುಕಿ, ಚರೆ ಹಾಕಿ, ಮತ್ತೆ ನಾರು ತುರುಕಿ, ಕಬ್ಬಿಣದ ಸಲಾಕೆಯಿಂದ ಗಿಡಿದು ಈಡು ತುಂಬುತ್ತಿದ್ದರು. ಅವರ ಅಳತೆಯೆಲ್ಲ ಅಂಗೈಯ ಗುಳಿ. ಈಡು ಒಂದು ದಿನ ಹಂದಿಯನ್ನು ಹೆದರಿಸಿದರೆ ಇನ್ನೊಂದು ದಿನ ದೊಡ್ಡಪ್ಪನ ಭುಜವನ್ನೇ ಮುರಿಯುವಂತೆ ಒದೆಯುತ್ತಿತ್ತು. ನಮ್ಮ ಮನೆಯಲ್ಲಿ ಅದನ್ನು ಕೋವಿಯ ಸ್ವಭಾವವೆಂದು ಹೇಳುತ್ತಿದ್ದರು. ಅದು ಅಂಗೈಯ ಸ್ವಭಾವವೆಂದು ನನಗೆ ತಿಳಿದದ್ದು ಪೆನ್ಸಿಲ್ವೇನಿಯಾದಲ್ಲಿ.

ರೈಫಲ್ಲಿನ ತೋಟಾಕ್ಕೆ ನಾಲ್ಕು ಅಂಗಗಳು. ಹಿತ್ತಾಳೆಯ ಚಿಪ್ಪು, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಿಯಲ್ಲಿ ಗುಂಡು. ಹಾರಿಸಿದ ಮೇಲೆ ಗುಂಡು ಹೋಯಿತು, ಮದ್ದು ಉರಿದುಹೋಯಿತು, ಕೇಪು ಸತ್ತಿತು. ಚಿಪ್ಪು ಮಾತ್ರ ಕೈಗೆ ಉಳಿಯುತ್ತದೆ. ಅದನ್ನು ತೊಳೆದು, ಒತ್ತುವ ಯಂತ್ರದಲ್ಲಿಟ್ಟು ಮೊದಲಿನ ಅಳತೆಗೆ ತಂದು, ಉದ್ದವಾದದ್ದನ್ನು ಕತ್ತರಿಸಿ, ಹೊಸ ಕೇಪು, ಮದ್ದು, ಗುಂಡುಗಳನ್ನು ಕೂಡಿಸಿದರೆ ಮತ್ತೆ ತೋಟಾ. ಒಂದೊಂದು ಚಿಪ್ಪಿಗೆ ಹೀಗೆ ಅನೇಕ ಜನ್ಮಗಳು. ಅಂಗಡಿಯ ತೋಟಾವನ್ನು ಎಲ್ಲರ ಬಂದೂಕಿಗೂ ಹೊಂದುವಂತೆ ಮಾಡಿರುತ್ತಾರೆ. ಮನೆಯಲ್ಲಿ ತುಂಬಿದ್ದು ತನ್ನೊಂದು ಬಂದೂಕಿಗೆ ಹೊಂದಿದರೆ ಸಾಕು. ಆದರೆ ಒಂದು ಷರತ್ತು. ಮೊದಲನೆಯ ತೋಟಾ ಹೇಗೋ ಐವತ್ತನೆಯದೂ ಹಾಗೆಯೇ ಇರಬೇಕು. ಒಂದರಲ್ಲಿ ಮದ್ದು ಹೆಚ್ಚು, ಒಂದರಲ್ಲಿ ಕಡಮೆಯಾದರೆ ಗುಂಡಿನ ವೇಗ ಬೇರೆಯಾಗಿ, ದೂರದಲ್ಲಿ ಒಂದು ಮೇಲೆ, ಒಂದು ಕೆಳಗೆ ಬೀಳುತ್ತದೆ. ಈ ಏಕರೂಪತೆಯ ಸಾಧನೆಯೇ ಆ ವಿದ್ಯೆಯ ಸರ್ವಸ್ವ.

ಅವರು ಗುರಿಯ ನಿಖರತೆಯನ್ನು ಅಳೆಯುವ ಮಾನವನ್ನು ಕೇಳಿ ನನಗೆ ಕಿವಿ ನಿಮಿರಿತು. ವೃತ್ತದ ಒಂದು ಅಂಶವನ್ನು ಅರುವತ್ತು ಪಾಲು ಮಾಡಿದರೆ ಬರುವ ಕೋನವೇ ಅವರ ‘ಮಿನಿಟ್’. ಇದು ನಮ್ಮ ಜ್ಯೋತಿಶ್ಶಾಸ್ತ್ರದ ‘ಕಲೆ’ಯಲ್ಲದೆ ಬೇರೆಯಲ್ಲ. ವೃತ್ತಕ್ಕೆ ೨೧,೬೦೦ ಕಲೆಗಳು. ಅದಕ್ಕೆ ಹೊಂದಿಕೆಯಾದ ತ್ರಿಜ್ಯ ೩,೪೩೮ ಎಂಬುದು ಕ್ರಿ. ಶ. ೪೯೯ರ ಆರ್ಯಭಟೀಯದ ಜ್ಯಾಗಣಿತಕ್ಕೆ ಆಧಾರವಾದ ಸಂಖ್ಯೆ. ನೂರು ಗಜವೆಂದರೆ ೩,೬೦೦ ಅಂಗುಲ. ಅದನ್ನು ೩,೪೩೮ರಿಂದ ಭಾಗಿಸಿದರೆ ೧.೦೪೭ ಅಂಗುಲ. ನಾನು ಕಾಗದದ ಮೇಲೆ ಈ ಲೆಕ್ಕವನ್ನು ಮಾಡಿ ತೋರಿಸಿದಾಗ, ಆ ವೃದ್ಧರು ತಮ್ಮ ಪುಸ್ತಕವನ್ನು ತೆರೆದು, ನೂರು ಗಜಕ್ಕೆ ಒಂದು ಮಿನಿಟ್ ಎಂದರೆ ೧.೦೪೭ ಅಂಗುಲವೆಂದು ಅಚ್ಚಾಗಿದ್ದುದನ್ನು ಬೆರಳಿಟ್ಟು ತೋರಿಸಿದರು. ಅಂದಿನಿಂದ ನನ್ನನ್ನು ‘ಪ್ರೊಫೆಸರ್’ ಎಂದು ಕರೆಯತೊಡಗಿದರು. ನಾನು ಪ್ರೌಢಶಾಲೆಯ ಮೇಷ್ಟರೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಮದ್ದನ್ನು ತೂಗುವುದು ಗ್ರೇನಿನ ಲೆಕ್ಕದಲ್ಲಿ. ಒಂದು ಪೌಂಡಿಗೆ ೭,೦೦೦ ಗ್ರೇನು. ನಮ್ಮ ಹಳೆಯ ತೊಲವನ್ನು ೧೮೩೩ರಲ್ಲಿ ಸರಕಾರದವರು ೧೮೦ ಗ್ರೇನಿಗೆ ನಿಗದಿ ಮಾಡಿದರು. ತೊಲಕ್ಕೆ ೯೬ ರತ್ತಿ, ರತ್ತಿಯೆಂದರೆ ಅಕ್ಕಸಾಲಿಗರ ಗುಲಗಂಜಿ. ಅಂತೂ ಒಂದು ಗುಲಗಂಜಿ ಎರಡು ಗ್ರೇನಿಗೆ ಸ್ವಲ್ಪ ಕಡಮೆ. ಈ ವೃದ್ಧರು ಗ್ರೇನಿನ ಹತ್ತರಲ್ಲೊಂದು ಪಾಲಿನ ವ್ಯತ್ಯಾಸವನ್ನು ಸಹಿಸುವವರಲ್ಲ. ಎಂದರೆ, ಒಂದು ಗುಲಗಂಜಿಯನ್ನು ಹತ್ತೊಂಬತ್ತು ಚೂರು ಮಾಡಿ ಅದರಲ್ಲಿ ಒಂದು ಚೂರಿಗಾಗಿ ಜಗಳವಾಡುವ ಸೂಕ್ಷ್ಮ! ನಮ್ಮೂರಿನ ಚಿನ್ನದಂಗಡಿಯಲ್ಲಿಯೂ ನಾನು ಇಂಥ ತಕ್ಕಡಿಯನ್ನು ಕಾಣಲಿಲ್ಲ.

ಇನ್ನು ಅವರ ಆಚಾರಗಳನ್ನು ಕೇಳಿರಿ. ಕೊಠಡಿಯೊಳಕ್ಕೆ ಹೋದೊಡನೆ ಬಾಗಿಲನ್ನು ಹಾಕಿ, ಗಾಳಿ ತಕ್ಕಡಿಯನ್ನು ಅಲುಗಿಸದಂತೆ ಫ್ಯಾನನ್ನು ನಿಲ್ಲಿಸುವರು. ಮೇಜಿನ ಮೇಲೆ ಒಂದೇ ಒಂದು ಮದ್ದಿನ ಡಬ್ಬಿ, ಎರಡನೆಯದು ಬರುವಂತಿಲ್ಲ. ನಮ್ಮ ಅಳಗುಳಿಮಣೆಯಂತೆ ಗುಳಿಗಳನ್ನು ಕೊರೆದ ಮರದ ಹಲಗೆಯೊಂದರಲ್ಲಿ ಐವತ್ತು ಚಿಪ್ಪುಗಳನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸುವರು. ಒಂದನ್ನು ಎತ್ತಿ, ಮದ್ದು ಹಾಕಿ, ಬಾಯಿ ಮೇಲೆ ಮಾಡಿ ಮತ್ತೆ ಅದೇ ಗುಳಿಯಲ್ಲಿಡುವರು. ಮದ್ದು ಅಳೆಯುವ ಸಾಧನದ ಹಿಡಿಯನ್ನು ಮೇಲಕ್ಕೆತ್ತಿದಾಗ ಒಂದು ತಟ್ಟು, ಇಳಿಸಿದಾಗ ಒಂದು ತಟ್ಟು, ಹೆಚ್ಚಿಲ್ಲ, ಕಡಮೆಯಿಲ್ಲ. ಗುಂಡನ್ನು ಯಂತ್ರದಲ್ಲಿ ಒತ್ತಿ ಕೂಡಿಸುವಾಗ ಅರ್ಧ ಒತ್ತಿ, ತೋಟಾವನ್ನು ಅರ್ಧ ಸುತ್ತು ತಿರುಗಿಸಿ, ಉಳಿದ ಅರ್ಧವನ್ನು ಒತ್ತುವರು. ಪ್ರತಿಯೊಂದು ಚಿಪ್ಪಿನ ಅಂಚಿನಲ್ಲಿ ಅರದಿಂದ ಉಜ್ಜಿದ ಒಂದು ಗೆರೆ. ಬಂದೂಕಿಗೆ ತುಂಬುವಾಗ ಆ ಗೆರೆ ಯಾವಾಗಲೂ ಆಕಾಶವನ್ನು ನೋಡುತ್ತಿರಬೇಕು. ಎಲ್ಲ ಮುಗಿದ ಮೇಲೆ ಕೈದೀಪ ಹಿಡಿದು ಐವತ್ತು ಬಾಯಿಗಳನ್ನೂ ಇಣುಕಿ ನೋಡುತ್ತ ಒಂದರಿಂದ ಐವತ್ತರವರೆಗೆ ಗಟ್ಟಿಯಾಗಿ ಎಣಿಸಿ, ಪುನಃ ಐವತ್ತರಿಂದ ಒಂದರವರೆಗೆ ಹಿಂದಕ್ಕೆ ಎಣಿಸುವರು. ಇಷ್ಟು ಹೊತ್ತೂ ಮಾತಿಲ್ಲ, ಕಥೆಯಿಲ್ಲ.

ನನಗೆ ನಗು ತಡೆಯಲಾಗಲಿಲ್ಲ. ಇದು ನಮ್ಮ ಅಜ್ಜಿಯ ಮಡಿಯಲ್ಲದೆ ಮತ್ತೇನು? ವೇದಪಾಠದವರು ಪದಗಳನ್ನು ಮುಂದಕ್ಕೂ ಹಿಂದಕ್ಕೂ ಹೆಣೆದು ಜಟೆ, ಘನ ಎಂದು ಹೇಳುವುದುಂಟು. ಒಂದು ಸ್ವರವೂ ಜಾರದಂತೆ ಶತಮಾನಗಳ ಕಾಲ ಪಾಠವನ್ನು ಕಾದದ್ದು ಆ ಉಪಾಯ. ಇವರದು ಮದ್ದಿನ ಜಟಾಪಾಠ! ಈ ಹಾಸ್ಯವನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಅವರಿಗೆ ವಿವರಿಸಿದೆ. ಜೊತೆಗೆ ಮೀಮಾಂಸಕರ ವಿಚಾರವನ್ನೂ ಹೇಳಿದೆ. ಅವರ ಪ್ರಕಾರ ಕ್ರಿಯೆಗಳ ಫಲ ಎರಡು ಬಗೆ: ಕಣ್ಣಿಗೆ ಕಾಣುವ ದೃಷ್ಟಫಲ, ಕಾಣದ ಅದೃಷ್ಟಫಲ. ಯಜ್ಞಕ್ಕೆ ಭತ್ತವನ್ನು ಕುಟ್ಟಿದರೆ ಹೊಟ್ಟು ಹೋಗುತ್ತದೆ, ಅದು ದೃಷ್ಟ. ಉಗುರಿನಿಂದಲೂ ಸುಲಿಯಬಹುದಾಗಿರುವಾಗ ಕುಟ್ಟಿಯೇ ತೆಗೆಯಬೇಕೆಂಬ ನಿಯಮಕ್ಕೆ ಫಲ ಅದೃಷ್ಟ. ದೃಷ್ಟಫಲ ದೊರೆಯುವ ಕಡೆ ಅದೃಷ್ಟವನ್ನು ಕಲ್ಪಿಸಬಾರದೆಂಬುದೂ ಅವರ ಮತ. ಮನೆಯ ಉದಾಹರಣೆ ಬೇಕಾದರೆ ಉಪ್ಪಿನಕಾಯಿಯ ಜಾಡಿಯನ್ನು ನೋಡಿರಿ. ಒದ್ದೆ ಕೈ ಹಾಕಬಾರದು, ಒಣಗಿದ ಚಮಚವನ್ನೇ ಹಾಕಬೇಕೆಂದು ಅಜ್ಜಿ ಮಡಿ ಮಾಡುತ್ತಿದ್ದಳು. ನೀರು ಸೋಕಿದರೆ ಬೂಸಲು ಹಿಡಿಯುತ್ತದೆಂಬ ದೃಷ್ಟಕಾರಣ ಅದಕ್ಕುಂಟು. ಆದರೆ ಮಂಗಳವಾರ ಜಾಡಿಯನ್ನು ತೆರೆಯಬಾರದೆಂದೂ ಅವಳು ಹೇಳುತ್ತಿದ್ದಳು! ಬೂಸಲಿಗೆ ವಾರದ ಪರಿವೆಯುಂಟೆ?

“ನಿಮ್ಮ ಆಚಾರಗಳಲ್ಲಿ ಒಣ ಚಮಚ ಯಾವುದು, ಮಂಗಳವಾರ ಯಾವುದು?” ಎಂದು ಕೇಳಿದೆ.

ಅವರು ಸಿಟ್ಟಾಗುವರೆಂದು ಅಂಜಿದ್ದೆ. ಅದಕ್ಕೆ ಬದಲಾಗಿ ಅವರ ಮುಖವರಳಿತು. ಕಪಾಟಿನಿಂದ ಹನ್ನೊಂದು ದಪ್ಪ ಪುಸ್ತಕಗಳನ್ನು ತೆಗೆದು ಮುಂದಿಟ್ಟರು. ನಲವತ್ತು ವರ್ಷಗಳ ದಾಖಲೆ. ಅರ್ಧ ಸುತ್ತು ತಿರುಗಿಸುವ ಪದ್ಧತಿಯನ್ನು ಅವರು ಹೀಗೆ ಪರೀಕ್ಷಿಸಿದ್ದರು. ಐವತ್ತು ತೋಟಾಗಳನ್ನು ತಿರುಗಿಸಿ ತುಂಬಿ, ಐವತ್ತನ್ನು ತಿರುಗಿಸದೆ ತುಂಬಿ, ಗುಟ್ಟಿನ ಗುರುತು ಹಾಕಿ ಬೆರಕೆ ಮಾಡುವ ಕೆಲಸವನ್ನು ಮಗನಿಗೆ ಒಪ್ಪಿಸಿದರು. ಹಾರಿಸುವಾಗ ಯಾವುದು ಯಾವುದೆಂದು ಅವರಿಗೇ ತಿಳಿಯದು. ಮೂರು ರಂಧ್ರಗಳನ್ನು ನೋಡಿ ತೀರ್ಮಾನಕ್ಕೆ ಬರುವವನು ತನ್ನನ್ನು ತಾನೇ ಮೋಸಗೊಳಿಸಿಕೊಳ್ಳುತ್ತಾನೆಂದು, ಹತ್ತು ಹತ್ತರಂತೆ ಬೇರೆ ಬೇರೆ ದಿನಗಳಲ್ಲಿ ಹಾರಿಸಿ ಅಳೆದರು. ವ್ಯತ್ಯಾಸವೇ ಕಾಣಲಿಲ್ಲ. ಮದ್ದಿನ ಸೂಕ್ಷ್ಮವಾದ ತೂಕವೂ ನೂರು ಗಜದಲ್ಲಿ ಅಷ್ಟಾಗಿ ತೋರಲಿಲ್ಲ. ಆರುನೂರು ಗಜಕ್ಕೆ ಹೋದಾಗ ತೋರಿತು. ಮೇಜಿನ ಮೇಲೆ ಬಂದೂಕನ್ನೊರಗಿಸಿ ಹತ್ತಿರದ ಗುರಿಯಲ್ಲಿ ಸ್ಪರ್ಧಿಸುವ ನಿಪುಣರು ಬಹುಕಾಲ ಮದ್ದನ್ನು ತೂಗದೆ, ಅಳತೆಯಿಂದಲೇ ಹಾಕಿಕೊಂಡು ಗೆಲ್ಲುತ್ತಿದ್ದರೆಂದು ಅವರೇ ಹೇಳಿದರು. ಆದರೆ ಚಿಪ್ಪಿನಲ್ಲಿ ಮದ್ದು ಕಡಮೆಯಿದ್ದು ಜಾಗ ಖಾಲಿಯಿರುವಾಗ, ಹಾರಿಸುವ ಮುಂಚೆ ನಳಿಗೆಯನ್ನು ಮೇಲಕ್ಕೆತ್ತಿ ಮದ್ದನ್ನು ಕೇಪಿನ ಕಡೆಗೆ ಜಾರಿಸುವುದು ಹುಚ್ಚಾಟದಂತೆ ಕಂಡರೂ ಕಾಗದದ ಮೇಲೆ ಸ್ಪಷ್ಟವಾದ ಫಲವನ್ನು ಕೊಟ್ಟಿತು.

ಈ ವಿದ್ಯೆಯಲ್ಲಿ ಅವರಿಗೊಬ್ಬ ಗುರುವುಂಟು, ಪುಸ್ತಕರೂಪದಲ್ಲಿ. ವೈದ್ಯಶಾಸ್ತ್ರವನ್ನು ಓದಿದ್ದ ಫ್ರಾಂಕ್ಲಿನ್ ಮಾನ್ ಎಂಬವರು ೧೯೦೯ರಲ್ಲಿ ಪ್ರಕಟಿಸಿದ ಗುಂಡಿನ ಪಯಣದ ಗ್ರಂಥ ಅದು. ಮಾನರು ವರ್ಷಾನುಗಟ್ಟಲೆ ಒಳ್ಳೆಯ ಗುಂಡುಗಳನ್ನು ಬೇಕೆಂತಲೇ ಕೆಡಿಸಿ ಹಾರಿಸಿ ನೋಡಿದರಂತೆ. ಗುಂಡಿನ ಮೂತಿಯನ್ನು ವಿಕಾರಗೊಳಿಸಿದರೆ ಗುರಿ ಅಷ್ಟಾಗಿ ಕೆಡಲಿಲ್ಲ. ಬುಡದಲ್ಲಿ ಸ್ವಲ್ಪ ಊನವಾದರೆ ಗುಂಡು ದಾರಿ ತಪ್ಪಿತು. ಎಲ್ಲರ ಕಣ್ಣೂ ಮೂತಿಯ ಮೇಲಿತ್ತು, ದೋಷವಿದ್ದದ್ದು ಬುಡದಲ್ಲಿ. ಇನ್ನೊಬ್ಬರು ನಳಿಗೆ ಕೊರೆಯುವುದರಲ್ಲಿ ಹೆಸರಾದ ಹ್ಯಾರಿ ಪೋಪ್. ೧೮೬೧ರಲ್ಲಿ ಹುಟ್ಟಿ ೧೯೫೦ರಲ್ಲಿ ತೀರಿಕೊಂಡವರು. ಅವರ ಕಾಲದ ಇನ್ನೂರು ಗಜದ ಪಂದ್ಯಗಾರರು ಸೀಸದ ಗುಂಡನ್ನು ನಳಿಗೆಯ ಬಾಯಿಂದ ನೂಕಿ, ಮದ್ದು ತುಂಬಿದ ಚಿಪ್ಪನ್ನು ಹಿಂದಿನಿಂದ ಇಡುತ್ತಿದ್ದರು. ಇಡೀ ಪಂದ್ಯಕ್ಕೆ ಒಂದೇ ಚಿಪ್ಪು. ಹಾರಿಸಿದ್ದನ್ನೇ ಅಲ್ಲಿಯೇ ತುಂಬಿ ಮತ್ತೆ ಹಾರಿಸುವುದು. ಐವತ್ತು ಚಿಪ್ಪುಗಳನ್ನು ಒಂದೇ ರೀತಿ ಮಾಡುವ ತೊಂದರೆಗಿಂತ ಇದು ಸುಲಭವಲ್ಲವೆ? ನಮ್ಮ ತಾಯಂದಿರು ಇಡ್ಲಿಯ ಅಕ್ಕಿಗೂ ಉದ್ದಿಗೂ ಒಂದೇ ಹಳೆಯ ಪಾವನ್ನು ಜೀವಮಾನವೆಲ್ಲ ಕಾದಿಟ್ಟುಕೊಳ್ಳುವುದರ ಮರ್ಮವೂ ಇದೇ. ಪಾವು ಸರಿಯಿರಲಿ ತಪ್ಪಿರಲಿ, ಅದೇ ಆಗಿರಬೇಕು.

ಕಾರಣ ತಿಳಿಯದ ಮಾತ್ರಕ್ಕೆ ಕಾರಣವಿಲ್ಲವೆನ್ನಬಾರದೆಂಬುದಕ್ಕೆ ಅವರು ಹೇಳಿದ ದೃಷ್ಟಾಂತ ನಮ್ಮ ದೇಶದ್ದೇ. ಹಿತ್ತಾಳೆಯನ್ನು ತೊಳೆಯಲು ಅಮೋನಿಯ ಬೆರೆತ ದ್ರವವನ್ನು ಅವರು ಕೊಠಡಿಗೆ ಸೇರಿಸುವುದಿಲ್ಲ. ಬ್ರಿಟಿಷರ ಸೈನ್ಯ ಭಾರತದಲ್ಲಿದ್ದಾಗ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆಲಾಯಗಳಲ್ಲಿ ಕೂಡಿಡುತ್ತಿದ್ದರಂತೆ. ಮಳೆ ಮುಗಿದು ತೆಗೆದು ನೋಡಿದರೆ, ಯಾರೂ ಮುಟ್ಟದಿದ್ದರೂ, ಹಿತ್ತಾಳೆಯ ಚಿಪ್ಪುಗಳು ಸೀಳಿರುತ್ತಿದ್ದವು. ಋತುವಿನ ದೋಷವೆಂದು ಅದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರೇ ಬಿದ್ದಿತು. ೧೯೨೧ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಲೋಹಶಾಸ್ತ್ರಜ್ಞರು ಇದರ ಗುಟ್ಟನ್ನು ಬಯಲು ಮಾಡಿದರು. ಕುದುರೆಯ ಮೂತ್ರದಿಂದೇಳುವ ಅಮೋನಿಯ, ಚಿಪ್ಪನ್ನು ಎಳೆದು ರೂಪಿಸುವಾಗ ಲೋಹದೊಳಗೆ ಉಳಿದುಹೋದ ಬಿಗಿತ—ಇವೆರಡೂ ಕೂಡಿದಾಗ ಹಿತ್ತಾಳೆ ಸೀಳುತ್ತದೆ. ಹದವಾಗಿ ಕಾಯಿಸಿ ಆ ಬಿಗಿತವನ್ನು ಕಳೆದರೆ ಸೀಳದು. ಅದಕ್ಕೆ ಮುಂಚೆ ಯಾವನಾದರೊಬ್ಬ ಹವಾಲ್ದಾರನು ಲಾಯದಲ್ಲಿ ತೋಟಾ ಇಡಕೂಡದೆಂದು ಹಟ ಮಾಡಿದ್ದರೆ ಅವನನ್ನೂ ಮಡಿಯವನೆಂದು ಜನ ನಗುತ್ತಿದ್ದರಲ್ಲವೆ?

ಹಾಗಿದ್ದರೂ ನಿಷ್ಫಲವೆಂದು ತಾವೇ ಕಂಡುಕೊಂಡ ಅರ್ಧ ಸುತ್ತನ್ನು ಅವರು ಬಿಟ್ಟಿರಲಿಲ್ಲ. ಏಕೆಂದು ಕೇಳಿದೆ. “ಗುಂಡಿಗೆ ಅದು ಬೇಡ, ಪ್ರೊಫೆಸರ್. ನನ್ನ ಕೈಗೆ ಬೇಕು. ತಿರುಗಿಸುವಾಗ ಕೈ ನಿಧಾನವಾಗುತ್ತದೆ” ಎಂದರು. ಹೀಗೆ ನನ್ನ ಮೀಮಾಂಸೆಗೆ ಎರಡು ವರ್ಗಗಳು ಚೆನ್ನಾಗಿ ದೊರೆತವು: ಗುಂಡನ್ನು ನೆಟ್ಟಗೆ ಕಳುಹಿಸುವ ನಿಯಮಗಳು, ಮನಸ್ಸನ್ನು ನೆಟ್ಟಗೆ ನಿಲ್ಲಿಸುವ ನಿಯಮಗಳು. ಇಷ್ಟಕ್ಕೇ ಮುಗಿಯಿತೆಂದು ನಾನು ತೃಪ್ತನಾಗಿದ್ದೆ. ಮೂರನೆಯದೊಂದು ವರ್ಗವುಂಟೆಂದು ತಿಳಿದದ್ದು ನನ್ನ ಅವಿವೇಕದಿಂದ.

ಮೊಮ್ಮಗನ ನಾಮಕರಣ ನಿಶ್ಚಯವಾದ ಸಂಜೆ, ಅವರನ್ನು ಊಟಕ್ಕೆ ಕರೆಯಬೇಕೆಂಬ ಉತ್ಸಾಹದಲ್ಲಿ ನಾನು ಕೊಠಡಿಯ ಬಾಗಿಲನ್ನು ನೂಕಿ ಕೂಗಿಯೇಬಿಟ್ಟೆ. ಅವರು ಮದ್ದು ಹಾಕುತ್ತಿದ್ದರು. ಐವತ್ತರಲ್ಲಿ ಮೂವತ್ತಕ್ಕೂ ಹೆಚ್ಚು ಚಿಪ್ಪುಗಳು ತುಂಬಿದ್ದವು. ಅವರು ಒಂದು ಕೈಯೆತ್ತಿ ನನ್ನನ್ನು ಸುಮ್ಮನಿರಿಸಿ, ಒಂದೊಂದನ್ನೇ ತೆಗೆದು ಎಲ್ಲ ಮದ್ದನ್ನೂ ಡಬ್ಬಿಗೆ ಹಿಂದಕ್ಕೆ ಸುರಿದರು. ಐವತ್ತನ್ನೂ ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಡಬ್ಬಿಯ ಮುಚ್ಚಳ ಹಾಕಿದ ಮೇಲೆ ನನ್ನ ಕಡೆಗೆ ತಿರುಗಿ, “ಈಗ ಹೇಳಿ” ಎಂದರು. ಒಂದು ಗಂಟೆಯ ಶ್ರಮ! ನನಗೆ ಮುಖ ಎತ್ತಲಾಗಲಿಲ್ಲ. ಸ್ವಲ್ಪ ರೇಗಿತೆಂದರೂ ಸುಳ್ಳಲ್ಲ. “ತುಂಬಿದ್ದೆಲ್ಲ ಸರಿಯಾಗಿಯೇ ಇತ್ತಲ್ಲ. ನಿಂತಲ್ಲಿಂದ ಮುಂದುವರಿಸಬಹುದಿತ್ತು” ಎಂದೆ.

ಅವರು ಉತ್ತರವಾಗಿ ಎಡಗೈಯನ್ನು ದೀಪಕ್ಕೆ ಹಿಡಿದರು. ಎರಡು ಬೆರಳುಗಳು ಮಡಿಚಿ ಒಣಗಿದ್ದವು. ಕೆನ್ನೆಯ ಮೇಲಿದ್ದ ಕಲೆಗಳೂ ಆಗ ನನಗೆ ಕಂಡವು. ಅವರ ಮಗ ಹನ್ನೆರಡು ವರ್ಷದವನಾಗಿದ್ದಾಗ, ೧೯೮೪ರಲ್ಲಿ, ಅವನಿಗೆ ಗುರಿ ಕಲಿಸುವುದಕ್ಕಾಗಿ ಒದೆತವಿಲ್ಲದ ಸಣ್ಣ ತೋಟಾಗಳನ್ನು ತುಂಬುತ್ತಿದ್ದರಂತೆ. ಪೂರ್ಣ ಮದ್ದಿನ ತೋಟಾದಲ್ಲಿ ತಪ್ಪಿ ಎರಡು ಸಲ ಹಾಕಿದರೆ ಮದ್ದು ತುಳುಕಿ ಚೆಲ್ಲುತ್ತದೆ, ಕಣ್ಣಿಗೆ ಕಾಣುತ್ತದೆ. ಬೇಗ ಉರಿಯುವ ಮದ್ದಿನ ಸಣ್ಣ ಈಡು ಚಿಪ್ಪಿನ ತಳವನ್ನಷ್ಟೇ ಮುಚ್ಚುವುದರಿಂದ ಎರಡು ಸಲ ಬಿದ್ದರೂ ಹೊರಗೆ ತಿಳಿಯದು. ನಡುವೆ ದೂರವಾಣಿಯ ಗಂಟೆ ಬಾರಿಸಿತು. ಎದ್ದು ಹೋಗಿ ಮಾತಾಡಿ ಬಂದು, ನಿಂತಲ್ಲಿಂದ ಮುಂದುವರಿಸಿದರು. ಮರುದಿನ ಹುಡುಗನು ಮೊದಲು ತಾನು ಹಾರಿಸುವೆನೆಂದು ಹಟ ಹಿಡಿದನು. “ಒಂದೇ ಒಂದು ನಾನು ಹಾರಿಸಿ ತೋರಿಸುತ್ತೇನೆ, ಆಮೇಲೆ ನೀನು” ಎಂದು ಬಂದೂಕನ್ನು ಅವನ ಕೈಯಿಂದ ತೆಗೆದುಕೊಂಡರು. ಬಂದೂಕು ಸಿಡಿಯಿತು.

“ಯಾವ ತೋಟಾ ಮೊದಲು ಕೈಗೆ ಬಂದಿತೆಂಬುದು ನನ್ನ ವಿವೇಕವಲ್ಲ” ಎಂದರು. “ಆ ದಿನ ಅದು ಎರಡನೆಯದಾಗಿಯೂ ಬರಬಹುದಾಗಿತ್ತು.”

ಆ ಭಾನುವಾರ ನಾಮಕರಣಕ್ಕೆ ಅವರು ಮಗನನ್ನೂ ಕರೆದುಕೊಂಡು ಬಂದಿದ್ದರು. ಐವತ್ತು ದಾಟಿದ ಎತ್ತರದ ಮನುಷ್ಯ. ನನ್ನ ಮೊಮ್ಮಗನನ್ನು ಎತ್ತಿಕೊಂಡು ಬಾಗಿಲ ಬಳಿ ನಿಂತಿದ್ದರು. ತಂದೆ ಊಟ ಮಾಡುತ್ತಲೇ ಆಗಾಗ ಆ ಕಡೆಗೆ ನೋಡುತ್ತಿದ್ದರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನನ್ನದೂ ಒಂದು ಕಥೆಯುಂಟು. ಮನೆಯವರಿಗಲ್ಲದೆ ಯಾರಿಗೂ ಹೇಳಿದ್ದಲ್ಲ. ೧೯೯೭ರಲ್ಲಿ ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಅಂ‌ಕಗಳನ್ನು ಕೂಡುತ್ತಿದ್ದೆ. ಯಾರೋ ಬಂದು ಮಾತಾಡಿಸಿದರು. ಮಾತು ಮುಗಿಸಿ ನಿಂತಲ್ಲಿಂದ ಮುಂದುವರಿಸಿದೆ. ಒಬ್ಬ ಹುಡುಗನ ಪತ್ರಿಕೆಯಲ್ಲಿ ಒಂದು ಪುಟ ತಪ್ಪಿಹೋಯಿತು. ನಲವತ್ತೊಂದು ಬರಬೇಕಾಗಿದ್ದಲ್ಲಿ ಇಪ್ಪತ್ತೊಂಬತ್ತು ಬಂದು, ಅವನು ಸಂಸ್ಕೃತದಲ್ಲಿ ಅನುತ್ತೀರ್ಣನಾದ. ಹಳೆಯ ಪತ್ರಿಕೆಗಳ ಕಟ್ಟನ್ನು ವಿಲೇವಾರಿ ಮಾಡುವ ಮುಂಚೆ ಅಕಸ್ಮಾತ್ತಾಗಿ ನನ್ನ ಕಣ್ಣಿಗೆ ತಪ್ಪು ಬಿದ್ದಾಗ ಆಷಾಢ ಮಾಸ. ಓಡಿಹೋಗಿ ರಿಜಿಸ್ಟರನ್ನು ತಿದ್ದಿಸಿ, ಹುಡುಗನ ಮನೆಗೆ ಹೋದೆ. ಅವನು ಮುಂಬಯಿಯ ಒಂದು ಹೋಟೆಲಿನ ಕೆಲಸಕ್ಕೆ ಹೊರಟುಹೋಗಿ ತಿಂಗಳಾಗಿತ್ತು. ಅವನ ತಂದೆ ನನಗೆ ಮಜ್ಜಿಗೆ ಕೊಟ್ಟು, “ಹೋಗಲಿ ಬಿಡಿ ಮೇಷ್ಟರೇ, ಅವನಿಗೂ ಓದಿನ ಮೇಲೆ ಮನಸ್ಸಿರಲಿಲ್ಲ” ಎಂದರು. ನಲವತ್ತೊಂದು ಅಂಕ ತೆಗೆದ ಹುಡುಗನಿಗೆ ಮನಸ್ಸಿರಲಿಲ್ಲವೆಂದು ನಾನು ಹೇಗೆ ನಂಬಲಿ? ಆ ಸಮಾಧಾನದ ಮಾತು ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. ಹುಡುಗ ಶಾಲೆಗೆ ಹಿಂದಿರುಗಲಿಲ್ಲ.

ಅಲ್ಲಿಂದ ಮುಂದೆ ಇಪ್ಪತ್ತೇಳು ವರ್ಷ ನಾನು ಅಂಕಗಳನ್ನು ಮೊದಲ ಪುಟದಿಂದ ಒಮ್ಮೆ, ಕೊನೆಯ ಪುಟದಿಂದ ಒಮ್ಮೆ ಕೂಡುತ್ತಿದ್ದೆ. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ. ಕಿರಿಯ ಉಪಾಧ್ಯಾಯರು ನನ್ನನ್ನು ‘ಎರಡು ಸಲದ ಮೇಷ್ಟರು’ ಎಂದು ನಗುತ್ತಿದ್ದುದು ನನಗೆ ಗೊತ್ತಿತ್ತು. ಕಾರಣವನ್ನು ಹೇಳಲು ನಾಚಿಕೆಯಾಗಿ ಸುಮ್ಮನಿರುತ್ತಿದ್ದೆ. ಆ ಇಪ್ಪತ್ತೇಳು ವರ್ಷಗಳಲ್ಲಿ ಎರಡನೆಯ ಎಣಿಕೆಯಿಂದ ಹೊರಬಿದ್ದ ತಪ್ಪುಗಳು ಬೆರಳೆಣಿಕೆಯಷ್ಟು. ಉಳಿದ ಸಾವಿರಾರು ಪತ್ರಿಕೆಗಳಲ್ಲಿ ಆ ಶ್ರಮ ನೋಡುವವರಿಗೆ ವ್ಯರ್ಥ. ಇಂಥವನು ಬೇರೊಬ್ಬರ ಎರಡು ಸಲದ ಎಣಿಕೆಯನ್ನು ಕಂಡು ನಕ್ಕೆನಲ್ಲಾ!

ಮೂರನೆಯ ವರ್ಗವೆಂದು ಹೇಳಿದೆನಲ್ಲ, ಅದು ಇದೇ. ಈ ನಿಯಮಗಳ ಫಲ ಅದೃಷ್ಟವೂ ಅಲ್ಲ, ದೃಷ್ಟವೂ ಅಲ್ಲ. ಏನೂ ಆಗದಿರುವುದೇ ಅವುಗಳ ಫಲ. ಆಗದೆ ಇದ್ದದ್ದನ್ನು ಯಾರು ಕಂಡಾರು? ಅರ್ಧ ಸುತ್ತನ್ನು ಹತ್ತು ಗುಂಡುಗಳಿಂದ ಪರೀಕ್ಷಿಸಬಹುದು. ಬಾಯಿ ಕೆಳಗೆ ಮಾಡಿ ನಿಲ್ಲಿಸಿದ ಚಿಪ್ಪನ್ನು, ಕೈದೀಪದ ಇಣುಕುನೋಟವನ್ನು, ಹಿಂದುಮುಂದಿನ ಎಣಿಕೆಯನ್ನು ಯಾವ ಕಾಗದದ ಮೇಲೆ ಅಳೆಯುವುದು? ಆದಕಾರಣ ಆಚಾರಗಳನ್ನು ಶೋಧಿಸುವ ಬುದ್ಧಿವಂತರು ಎಲ್ಲಕ್ಕಿಂತ ಮೊದಲು ಬಿಡುವುದು ಇವನ್ನೇ. ಗುರಿಗೆ ಸಂಬಂಧಿಸಿದ ನಿಯಮಗಳನ್ನು ಪರೀಕ್ಷಿಸಿ ಇಟ್ಟುಕೊಳ್ಳಬೇಕು. ಮನಸ್ಸಿಗೆ ಸಂಬಂಧಿಸಿದವನ್ನು ಇಷ್ಟವಿದ್ದರೆ ಇಟ್ಟುಕೊಳ್ಳಬಹುದು. ಕಾಯುವ ನಿಯಮಗಳನ್ನು ಮಾತ್ರ, ಅವು ಎಷ್ಟು ಚಿಲ್ಲರೆಯಾಗಿ ತೋರಿದರೂ, ಯಾರು ನಕ್ಕರೂ, ಬಿಡಲಾಗದು. ಇನ್ನೊಬ್ಬರ ಮನೆಯ ಮಡಿಯನ್ನು ಕಂಡು ನಗುವ ಮುಂಚೆ, ಇದರ ಹಿಂದೆ ಯಾವ ಎಡಗೈ ಇದೆಯೋ ಎಂದು ಒಂದು ಕ್ಷಣ ಯೋಚಿಸುವುದು ಸೌಜನ್ಯ.

ಊರಿಗೆ ಹೊರಡುವಾಗ ವೃದ್ಧರು ನೆನಪಿಗೆಂದು ಒಂದು ಖಾಲಿ ಚಿಪ್ಪನ್ನು ಕೊಡಬಂದರು. ವಿಮಾನದವರಿಗೂ ನಮ್ಮ ಪೊಲೀಸಿನವರಿಗೂ ಅದರ ಚರಿತ್ರೆಯನ್ನು ವಿವರಿಸುವ ಶಕ್ತಿ ನನಗಿಲ್ಲವೆಂದು ಕೈಮುಗಿದೆ. ಬದಲಿಗೆ ಒಂದು ಕಾಗದ ಕೊಟ್ಟರು. ಇನ್ನೂರು ಗಜದ ದೂರದಿಂದ ಮಾಡಿದ ಹತ್ತು ರಂಧ್ರಗಳು, ನಮ್ಮ ಹಳೆಯ ರೂಪಾಯಿಯಿಂದ ಮುಚ್ಚಬಹುದಾದಷ್ಟು ಒತ್ತೊತ್ತಾಗಿ. ಅದು ಈಗ ನನ್ನ ಅಮರಕೋಶದೊಳಗಿದೆ.

ನನ್ನ ಮನೆಯವರಿಗೆ ರಾತ್ರಿ ಮಲಗುವ ಮುಂಚೆ ಅಡಿಗೆಮನೆಗೆ ಹೋಗಿ ಗ್ಯಾಸಿನ ತಿರುಪನ್ನು ಮುಟ್ಟಿ ನೋಡಿ, ಹಿತ್ತಿಲ ಬಾಗಿಲಿನ ಅಗುಳಿಯನ್ನು ಎಳೆದು ನೋಡಿ, ಮತ್ತೆ ಹೋಗಿ ತಿರುಪನ್ನು ಮುಟ್ಟಿ ಬರುವ ಪದ್ಧತಿ. ಮೂವತ್ತು ವರ್ಷಗಳಿಂದ ನಾನು, “ಆಯಿತೇ ನಿನ್ನ ಪ್ರದಕ್ಷಿಣೆ?” ಎಂದು ಹಾಸಿಗೆಯಿಂದಲೇ ಕೂಗುತ್ತಿದ್ದೆ. ಈಗ ಕೂಗುವುದಿಲ್ಲ. ಅವಳು ಎರಡನೆಯ ಸಲ ಹೋಗಿ ಬರುವವರೆಗೆ ತೆಪ್ಪಗಿರುತ್ತೇನೆ.